ಫ್ಲೆಮಿಷ್ ದೇವರ ಚಿತ್ರದ ಪ್ರತಿಯನ್ನು ಕೈಯಲ್ಲೇ ಬರೆಸಬೇಕು, ಗೊತ್ತಿರುವವರು ದಾರಿ ಹೇಳಿ

ಸಿಂಥಿಯಾ_ಲೂವೆನ್
ಎಲ್ಲರಿಗೂ ನಮಸ್ಕಾರ. ನಮ್ಮೂರು ಕುಂದಾಪುರದ ಹತ್ತಿರ. ಯಜಮಾನರ ಕೆಲಸದಿಂದಾಗಿ ಮೂರು ವರ್ಷದಿಂದ ಬೆಲ್ಜಿಯಂನ ಫ್ಲಾಂಡರ್ಸ್ ಭಾಗದ ಲೂವೆನ್‌ನಲ್ಲಿದ್ದೇವೆ (ಫ್ಲಾಂಡರ್ಸ್ ಕಡೆಯದ್ದಕ್ಕೇ ಫ್ಲೆಮಿಷ್ ಅನ್ನುವುದು). ಹೋದ ವರ್ಷ ಅಪ್ಪ ತೀರಿಕೊಂಡರು. ಅವರ ನೆನಪಿಗೆ ನಮ್ಮ ವಾಳೆಯ (ಚರ್ಚ್‌ಗೆ ಸೇರಿದ ಕೇರಿಯ) ಚಿಕ್ಕ ಚಾಪೆಲ್‌ಗೆ ಏನಾದರೂ ಕೊಡಬೇಕು ಎಂದು ಅಮ್ಮ, ತಮ್ಮ, ನಾನು ಮಾತಾಡಿಕೊಂಡಿದ್ದೇವೆ.

ಇಲ್ಲಿ ಸಂತ ಪೀಟರ್ ಚರ್ಚ್‌ನಲ್ಲಿ ಒಂದು ಚಿತ್ರ ಇದೆ. ಯೇಸುವಿನ ದೇಹವನ್ನು ಶಿಲುಬೆಯಿಂದ ಇಳಿಸುತ್ತಿದ್ದಾರೆ. ಮಾತೆ ಮರಿಯಮ್ಮ ಮೂರ್ಛೆ ಹೋಗಿ ಕುಸಿಯುತ್ತಿದ್ದಾರೆ. ಮಗನ ದೇಹ ಹೇಗೆ ಬಾಗಿದೆಯೋ ತಾಯಿಯ ದೇಹವೂ ಹಾಗೇ ಬಾಗಿದೆ. ಅಪ್ಪ ಹೋದ ಮೇಲೆ ಅದರ ಮುಂದೆ ನಿಂತಾಗಲೆಲ್ಲ ನನಗೆ ಅಮ್ಮನೇ ಕಾಣುತ್ತಾರೆ.

ನಾನು ಇದನ್ನೇ ಮೂಲ ಎಂದುಕೊಂಡಿದ್ದೆ. ಆಮೇಲೆ ಗೊತ್ತಾಯಿತು, ಇದೂ ಒಂದು ಪ್ರತಿ! ಮೂಲವನ್ನು ರೋಗಿಯರ್ ವಾನ್ ಡರ್ ವೈಡನ್ 1435ರ ಸುಮಾರಿಗೆ ಇದೇ ಲೂವೆನ್‌ನ ಬಿಲ್ಲುಗಾರರ ಸಂಘಕ್ಕೆ ಬರೆದುಕೊಟ್ಟದ್ದು. ಈಗ ಅದು ಮ್ಯಾಡ್ರಿಡ್‌ನ ಪ್ರಾಡೊ ಮ್ಯೂಸಿಯಂನಲ್ಲಿದೆ. ಇಲ್ಲಿರುವುದು ಎಡೆಲ್‌ಹೇರ್ ಎಂಬ ಮನೆತನಕ್ಕಾಗಿ 1443ರಲ್ಲಿ ಬರೆದ ಚಿಕ್ಕ ಪ್ರತಿ. ಅಂದರೆ ಮೂಲದ ಬಣ್ಣ ಒಣಗಿ ಹತ್ತು ವರ್ಷ ಆಗುವ ಮೊದಲೇ ಊರಿನವರು ನಮಗೂ ಒಂದು ಬೇಕು ಎಂದು ಬರೆಸಿಕೊಂಡಿದ್ದಾರೆ. ಹಾಗಾದರೆ ನಾವೂ ಬರೆಸಬಹುದಲ್ವಾ?

ಅಮ್ಮ "ಪ್ರಿಂಟ್ ಸಾಕು, ದುಡ್ಡು ಯಾಕೆ ಹಾಳು" ಅನ್ನುತ್ತಾರೆ. ತಮ್ಮ "ಪ್ರತಿ ಅಂದ್ರೆ ಡೂಪ್ಲಿಕೇಟ್, ಅದನ್ನು ದೇವರ ಮುಂದೆ ಇಡಬಾರದು" ಅನ್ನುತ್ತಾನೆ. ನನಗೆ ಕೈಯಲ್ಲಿ ಬರೆದದ್ದೇ ಬೇಕು. ಯಾರ ಹತ್ತಿರ ಬರೆಸುವುದು, ಹಲಗೆಯ ಮೇಲೋ ಕ್ಯಾನ್ವಾಸ್ ಮೇಲೋ, ಕರಾವಳಿ ಮಳೆಗೆ ತಡೆಯುತ್ತದಾ? ಗೊತ್ತಿರುವವರು ದಯವಿಟ್ಟು ಹೇಳಿ.

ಹಾಸನದ_ಹುಡುಗ
ಅಕ್ಕಾ, ಈಗ ಕ್ಯಾನ್ವಾಸ್ ಮೇಲೆ ಪ್ರಿಂಟ್ ಚೆನ್ನಾಗಿ ಬರುತ್ತದೆ. ಬಣ್ಣ ಒಂಚೂರೂ ಆಚೀಚೆ ಆಗಲ್ಲ. ಕೈಯಲ್ಲಿ ಬರೆದರೆ ಮುಖ ಕೆಡುತ್ತದೆ. ಅಮ್ಮ ಹೇಳಿದ್ದೇ ಸರಿ.

ಮಂಜುಳ_ಕೆ
ಮುಖ ಕೆಡುವುದು ನಿಜ, ನನ್ನ ಅನುಭವವೇ ಹೇಳುತ್ತೇನೆ. ನಾಲ್ಕು ವರ್ಷದ ಹಿಂದೆ ಅತ್ತೆಯ ಮನೆಗೆ ಇದೇ ಚಿತ್ರವನ್ನು ಆನ್‌ಲೈನ್‌ನಲ್ಲಿ ಆರ್ಡರ್ ಮಾಡಿದ್ದೆ. "ನೂರಕ್ಕೆ ನೂರು ಕೈಬರಹ" ಎಂದು ಬರೆದಿದ್ದರು. ಎಡಗಡೆ ಕೆಂಪು ನಿಲುವಂಗಿಯ ಸಂತ ಯೋಹಾನ, ಬಲಗಡೆ ಕೈ ಹೆಣೆದುಕೊಂಡು ಬಗ್ಗಿರುವ ಮಗ್ದಲದ ಮರಿಯ, ಎಲ್ಲ ಇದ್ದರು. ಆದರೆ ಯಾರ ಕಣ್ಣಲ್ಲೂ ನೀರಿಲ್ಲ! ಮೂಲದಲ್ಲಿ ಕೆನ್ನೆಯ ಮೇಲೆ ಹನಿ ಹನಿ ಕಣ್ಣೀರು ಹೊಳೆಯುತ್ತದೆ. ಇವರು ಅದನ್ನೇ ಬಿಟ್ಟಿದ್ದರು. ಮರಿಯಮ್ಮನ ಮುಖ ನಿದ್ದೆಯಲ್ಲಿ ನಗುತ್ತಿರುವ ಹಾಗಿತ್ತು. ಅತ್ತೆ ಪೆಟ್ಟಿಗೆ ಬಿಚ್ಚಿ ನೋಡಿ, ಏನೂ ಹೇಳದೆ ಒಳಗೆ ಹೋದರು. ವಾಪಸ್ ಕಳಿಸಲು ಕೇಳಿದರೆ ಸಾಗಾಣಿಕೆ ಖರ್ಚು ನಮ್ಮದೇ ಅಂದರು. ಈಗಲೂ ಅಟ್ಟದ ಮೇಲಿದೆ.

ಹಾಸನದ_ಹುಡುಗ
ನೋಡಿ, ಅದಕ್ಕೇ ಹೇಳಿದ್ದು.

ಗೆರೆಗಾರ
ಸಿಂಥಿಯಾ ಅವರೇ, ನಾನು ಮೈಸೂರಿನಲ್ಲಿ ಚಿತ್ರ ಬರೆಯುವವನು. ಕಲಿತದ್ದು ಮೈಸೂರು ಶೈಲಿ. ಆಮೇಲೆ ಎಣ್ಣೆ ಬಣ್ಣಕ್ಕೆ ಬಂದೆ. ಇಪ್ಪತ್ತು ವರ್ಷದಲ್ಲಿ ಯೂರೋಪಿನ ಹಳೆಯ ಚಿತ್ರಗಳ ಪ್ರತಿ ಸುಮಾರು ಮಾಡಿದ್ದೇನೆ.

ಪ್ರಿಂಟ್ ಯಾಕೆ ಬೇರೆ ಅಂತ ಹೇಳುತ್ತೇನೆ. ಫ್ಲಾಂಡರ್ಸ್‌ನವರ ಬಣ್ಣ ಇರುವುದು ಪದರಗಳಲ್ಲಿ. ಮೊದಲು ಓಕ್ ಹಲಗೆ. ಅದರ ಮೇಲೆ ಸೀಮೆಸುಣ್ಣದ ಪುಡಿಯನ್ನು ಪ್ರಾಣಿಯ ಅಂಟಿನಲ್ಲಿ ಕಲಸಿ ಹಚ್ಚಿ, ಗಾಜಿನಂತೆ ನುಣುಪಾಗುವವರೆಗೆ ಉಜ್ಜುತ್ತಿದ್ದರು. ನಮ್ಮ ಮೈಸೂರು ಚಿತ್ರಗಳಲ್ಲಿ ಮಕ್ಕು (ಉಬ್ಬು ಕೆಲಸದ ಲೇಪ) ಮಾಡುವ ಕೈಗೆ ಈ ಕೆಲಸ ಹೊಸದಲ್ಲ. ಆ ಬಿಳಿ ನೆಲದ ಮೇಲೆ ರೇಖಾಚಿತ್ರ. ಆಮೇಲೆ ಅಗಸೆ ಎಣ್ಣೆಯಲ್ಲೋ ಅಕ್ರೋಟ್ ಎಣ್ಣೆಯಲ್ಲೋ ಅರೆದ ಬಣ್ಣ, ತೆಳ್ಳಗೆ, ಒಂದರ ಮೇಲೊಂದು. ಒಂದೇ ಕೆಂಪು ಗಾಜಿನ ಬಳೆ ಹಿಡಿದರೆ ತಿಳಿ ಕೆಂಪು ಕಾಣುತ್ತದೆ. ಐದು ಬಳೆ ಸೇರಿಸಿ ಬೆಳಕಿಗೆ ಹಿಡಿಯಿರಿ, ಮಾಣಿಕ್ಯದ ಹಾಗೆ ಕಾಣುತ್ತದೆ. ಬೆಳಕು ಒಳಗೆ ಹೋಗಿ, ಬಿಳಿ ನೆಲಕ್ಕೆ ತಾಗಿ, ಬಣ್ಣದ ಮೂಲಕ ಹೊರಗೆ ಬರಬೇಕು. ಪ್ರಿಂಟ್‌ನಲ್ಲಿ ಈ ಆಳ ಇರಲ್ಲ. ಶಾಯಿ ಮೇಲೆಯೇ ಕೂತಿರುತ್ತದೆ.

ಮಂಜುಳ ಅವರಿಗೆ ಆದದ್ದು ಬೇಸರದ ಸಂಗತಿ. ಆದರೆ ಅದು ಕೈಬರಹದ ತಪ್ಪಲ್ಲ, ಅವಸರದ ತಪ್ಪು. ಆ ಕಣ್ಣೀರು ಇದೆಯಲ್ಲ, ಅದೇ ಪರೀಕ್ಷೆ. ಒಂದು ಹನಿಗೆ ಒಂದು ಕಡೆ ಮಿಂಚು, ಇನ್ನೊಂದು ಕಡೆ ತೆಳು ನೆರಳು, ನಡುವೆ ಚರ್ಮದ ಬಣ್ಣ ಹಾಗೇ ಕಾಣಬೇಕು. ಕೆಳಗಿನ ಪದರ ಪೂರ್ತಿ ಒಣಗಿದ ಮೇಲೆ ಬರೆದರೆ ಮಾತ್ರ ಬರುತ್ತದೆ. ಮೂರು ದಿನದಲ್ಲಿ ಚಿತ್ರ ಮುಗಿಸುವವರಿಗೆ ಅಷ್ಟು ಕಾಯಲು ಆಗಲ್ಲ.

ಯಾರ ಹತ್ತಿರ ಬರೆಸಿದರೂ ಮೊದಲು ಒಂದು ಮುಖವನ್ನು ಮಾತ್ರ ಬರೆಸಿ. ಆರು ಇಂಚಿನ ಹಲಗೆ ಸಾಕು. ಅದಕ್ಕೆ ದುಡ್ಡು ಕೊಡಿ. ಹಿಡಿಸಿದರೆ ಮುಂದುವರಿಯಿರಿ.

ಮಂಜುಳ_ಕೆ
ಈ ಮಾತು ಆವತ್ತು ಯಾರಾದರೂ ಹೇಳಿದ್ದರೆ ಎಷ್ಟು ಒಳ್ಳೆಯದಿತ್ತು ಸರ್.

ಕುಂಚಪ್ರಿಯ
ಎಲ್ಲ ಸರಿ, ಆದರೆ ಮೂಲ ಪ್ರಶ್ನೆ ಬಿಟ್ಟುಹೋಗುತ್ತಿದೆ. ನಕಲು ನಕಲೇ. ರೋಗಿಯರ್ ಯೋಚಿಸಿ, ಅಳಿಸಿ, ತಿದ್ದಿ ಬರೆದದ್ದನ್ನು ಇನ್ನೊಬ್ಬ ಕೂತು ಗೆರೆಗೆ ಗೆರೆ ಇಳಿಸಿದರೆ ಅದರಲ್ಲಿ ಕಲೆ ಎಲ್ಲಿದೆ? ಆ ದುಡ್ಡಿಗೆ ನಮ್ಮೂರಿನ ಒಬ್ಬ ಯುವ ಕಲಾವಿದರ ಹತ್ತಿರ ಹೊಸ ಚಿತ್ರ ಬರೆಸಿ. ಕುಂದಾಪುರದ ಮೀನುಗಾರ ಹೆಂಗಸಿನ ಮುಖದಲ್ಲಿ ಮರಿಯಮ್ಮ ಯಾಕೆ ಇರಬಾರದು?

ಓಲೆಗರಿ
ಕುಂಚಪ್ರಿಯ ಅವರೇ, ಹೊಸದನ್ನು ಬರೆಸಿ ಎನ್ನುವುದು ಒಳ್ಳೆಯ ಮಾತು. ಆದರೆ "ನಕಲು" ಎಂಬ ಮಾತಿಗೆ ನನ್ನ ತಕರಾರಿದೆ. ಪರೀಕ್ಷೆಯಲ್ಲಿ ಮಾಡುವುದು ನಕಲು. ಓಲೆಗರಿಯಿಂದ ಓಲೆಗರಿಗೆ ಇಳಿಸುವುದು ಪ್ರತಿ. ನಮ್ಮಲ್ಲಿ ಎರಡು ಬೇರೆ ಮಾತುಗಳಿವೆ, ಕಾರಣ ಇಲ್ಲದೆ ಇಲ್ಲ.

10ನೇ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿ ಬರೆಸಿ ಹಂಚಿದಳು. ಅವಳನ್ನು ಯಾರಾದರೂ ನಕಲು ಮಾಡಿಸಿದವಳು ಅಂದರಾ? ದಾನಚಿಂತಾಮಣಿ ಅಂದರು. ನಮ್ಮ ಹಳೆಯ ಕಾವ್ಯಗಳಲ್ಲಿ ಕವಿಯ ಕೈಬರಹ ಹೆಚ್ಚಾಗಿ ಉಳಿದಿಲ್ಲ. ನಾವು ಓದುವುದು ಬಹುಪಾಲು ಪ್ರತಿಕಾರರ ಕೈಯಿಂದ ಬಂದದ್ದೇ.

ಕುಂಚಪ್ರಿಯ
ಕಾವ್ಯ ಅಕ್ಷರದಲ್ಲಿದೆ, ಯಾರು ಬರೆದರೂ ಅದೇ ಕಾವ್ಯ. ಚಿತ್ರ ಹಾಗಲ್ಲ. ಚಿತ್ರ ಇರುವುದೇ ಆ ಕೈಯಲ್ಲಿ. ಹೋಲಿಕೆ ಪೂರ್ತಿ ಕೂಡುವುದಿಲ್ಲ.

ಓಲೆಗರಿ
ಪೂರ್ತಿ ಕೂಡುವುದಿಲ್ಲ, ಒಪ್ಪಿದೆ. ಆದರೆ ಪೂಜೆಗೆ ಇಡುವ ಚಿತ್ರದಲ್ಲಿ ಮುಖ್ಯವಾದದ್ದು ಕೈಯಾ, ಮುಖವಾ?

ಫಿಲೋಮಿನ_ಟೀಚರ್
ಇಲ್ಲಿ ನಾನೂ ಸ್ವಲ್ಪ ಹೇಳಬೇಕು. ಫ್ಲಾಂಡರ್ಸ್ ಕಡೆಯವರಿಗೆ ಪೂಜೆಯ ಚಿತ್ರದ ಪ್ರತಿ ಮಾಡಿಸುವುದೇ ಭಕ್ತಿಯ ಕೆಲಸವಾಗಿತ್ತು. ಕಾಂಬ್ರೆ ಎಂಬ ಊರಿದೆ, ಈಗ ಫ್ರಾನ್ಸಿನಲ್ಲಿದೆ. 1440ರಲ್ಲಿ ರೋಮ್‌ನಿಂದ ಅಲ್ಲಿಗೆ ಮರಿಯಮ್ಮನ ಒಂದು ಚಿಕ್ಕ ಚಿತ್ರ ಬಂತು. ಸಂತ ಲೂಕನೇ ಕೈಯಾರೆ ಬರೆದದ್ದು ಎಂದು ಜನ ನಂಬಿದರು. (ನಿಜವಾಗಿ ಅದು ಇಟಲಿಯಲ್ಲಿ 1340ರ ಸುಮಾರಿಗೆ ಬರೆದದ್ದು.) 1454ರಲ್ಲಿ ಒಬ್ಬ ಕೌಂಟ್, ಬ್ರೂಗೆಯ ಪೆಟ್ರಸ್ ಕ್ರಿಸ್ಟಸ್ ಹತ್ತಿರ ಅದರ ಮೂರು ಪ್ರತಿ ಬರೆಸಿದ. ಮರುವರ್ಷ ಅಲ್ಲಿನ ಚರ್ಚ್‌ನವರು ಬ್ರಸೆಲ್ಸ್‌ನ ಹೇನ್ ಎಂಬ ಚಿತ್ರಕಾರನಿಗೆ ಹನ್ನೆರಡು ಪ್ರತಿ ಹೇಳಿದರು. ದೊಡ್ಡ ದೊಡ್ಡ ಚಿತ್ರಕಾರರು ಇದನ್ನು ಕೀಳು ಕೆಲಸ ಅಂದುಕೊಳ್ಳಲಿಲ್ಲ.

ಸಿಂಥಿಯಾ ಮಗಾ, ತಮ್ಮನಿಗೆ ಇದನ್ನು ಹೇಳು. ಇನ್ನೊಂದು ಮಾತು. ಚಾಪೆಲ್‌ನಲ್ಲಿ ಇಡುವುದಾದರೆ ಮೊದಲು ನಿಮ್ಮ ಫಾದರ್ ಹತ್ತಿರ ಮಾತಾಡು. ಬಲಿಪೀಠದ ಹಿಂದೆಯೋ ಪಕ್ಕದ ಗೋಡೆಗೋ ಎಂದು ಮೊದಲೇ ತೀರ್ಮಾನ ಆಗಲಿ. ಅಳತೆ ಅದರ ಮೇಲೇ ನಿಲ್ಲುತ್ತದೆ.

ಸಿಂಥಿಯಾ_ಲೂವೆನ್
ಟೀಚರ್, ಫಾದರ್‌ಗೆ ಫೋನ್ ಮಾಡಿದೆ. ಪಕ್ಕದ ಗೋಡೆ, ಶಿಲುಬೆ ಹಾದಿಯ ಚಿತ್ರಗಳು ಮುಗಿಯುವ ಕಡೆ ಜಾಗ ಇದೆ ಅಂದರು. ಅಗಲ ನಾಲ್ಕು ಅಡಿಗಿಂತ ಜಾಸ್ತಿ ಬೇಡ. ಪ್ರಾಡೊದಲ್ಲಿರುವುದು ಎರಡೂವರೆ ಮೀಟರ್‌ಗಿಂತ ಅಗಲ ಇದೆ, ಅಷ್ಟು ದೊಡ್ಡದು ಆಗುವುದೇ ಇಲ್ಲ.

ಗೆಂಟ್_ಗಿರೀಶ
ನಾನು ಗೆಂಟ್‌ನಲ್ಲಿ ಇರುವುದು. ನಿಮ್ಮ ತಮ್ಮನನ್ನು ಒಂದು ಸಲ ಇಲ್ಲಿಗೆ ಕರೆದುಕೊಂಡು ಬನ್ನಿ. ಸಂತ ಬಾವೊ ಕೆಥೆಡ್ರಲ್‌ನಲ್ಲಿ ವಾನ್ ಐಕ್ ಅಣ್ಣತಮ್ಮಂದಿರ ದೊಡ್ಡ ಬಲಿಪೀಠದ ಚಿತ್ರ ಇದೆ, 1432ರದ್ದು. ಜಗತ್ತಿನ ಎಲ್ಲ ಕಡೆಯಿಂದ ಜನ ನೋಡಲು ಬರುತ್ತಾರೆ. ಆದರೆ ಅದರ ಎಡಗಡೆ ಕೆಳಗಿನ ಒಂದು ಹಲಗೆ ಪ್ರತಿ!

ಆ ಹಲಗೆಯ ಹೆಸರು "ನ್ಯಾಯವಂತ ನ್ಯಾಯಾಧೀಶರು". 1934ರ ಏಪ್ರಿಲ್ 10ರ ರಾತ್ರಿ ಕಳುವಾಯಿತು. ಅದರ ಜೊತೆ ಸ್ನಾನಿಕ ಯೋಹಾನನ ಹಲಗೆಯೂ ಹೋಗಿತ್ತು. ಹತ್ತು ಲಕ್ಷ ಬೆಲ್ಜಿಯನ್ ಫ್ರಾಂಕ್ ಕೊಡಿ ಎಂದು ಕಾಗದ ಬಂತು. ತಮ್ಮ ಹತ್ತಿರವೇ ಇದೆ ಎಂದು ತೋರಿಸಲು ಯೋಹಾನನ ಹಲಗೆಯನ್ನು ವಾಪಸ್ ಕೊಟ್ಟರು. ಬ್ರಸೆಲ್ಸ್ ರೈಲ್ವೆ ಸ್ಟೇಷನ್ನಿನ ಲಗೇಜ್ ಕೋಣೆಯಲ್ಲಿ ಸಿಕ್ಕಿತು. ಅದೇ ವರ್ಷ ನವೆಂಬರ್‌ನಲ್ಲಿ ಆರ್ಸೆನ್ ಹೂಡರ್ಟಿಯರ್ ಎಂಬಾತ ಸಾಯುವಾಗ, ಹಲಗೆ ಎಲ್ಲಿದೆ ಎಂದು ನನಗೊಬ್ಬನಿಗೇ ಗೊತ್ತು ಅಂದ. ಅಷ್ಟೇ. ಇವತ್ತಿಗೂ ಸಿಕ್ಕಿಲ್ಲ.

ಆ ಜಾಗಕ್ಕೆ ಯೆಫ್ ವಾನ್ ಡರ್ ವೇಕನ್ ಎಂಬ ಚಿತ್ರಕಾರ ಪ್ರತಿ ಬರೆದ. 1939ರಲ್ಲಿ ಶುರು, ಯುದ್ಧದ ಹೊತ್ತಿನಲ್ಲೂ ಬಿಡದೆ ಮಾಡಿದ. ಅದಕ್ಕೆ ಹಳೇ ಬೀರುವಿನ ಒಳಗಿನ ಅಡ್ಡಹಲಗೆ ಬಳಸಿದ. ಮೂಲವೇ ಇಲ್ಲದೆ ಪ್ರತಿ ಮಾಡುವುದು ಹೇಗೆ? ಅದಕ್ಕೆ ಇನ್ನೊಂದು ಪ್ರತಿ ನೆರವಿಗೆ ಬಂತು. 1550ರ ದಶಕದ ಕೊನೆಗೆ ಸ್ಪೇನ್ ರಾಜ 2ನೇ ಫಿಲಿಪ್ ಇಡೀ ಬಲಿಪೀಠದ ಪ್ರತಿಯನ್ನು ಮಿಖಿಲ್ ಕೋಕ್ಸಿ ಹತ್ತಿರ ಬರೆಸಿದ್ದ. ಅದರ ಹಲಗೆಗಳು ಈಗ ಚದುರಿಹೋಗಿವೆ. ಆದರೆ ನ್ಯಾಯಾಧೀಶರ ಹಲಗೆ ಬ್ರಸೆಲ್ಸ್‌ನಲ್ಲಿತ್ತು. ಪ್ರತಿಯನ್ನು ನೋಡಿಯೇ ಪ್ರತಿ! ಕೋಕ್ಸಿ ಅಂದು ಬರೆಯದಿದ್ದರೆ ಈ ಕೆಲಸ ಇನ್ನೂ ಕಷ್ಟವಾಗುತ್ತಿತ್ತು.

ಫಿಲೋಮಿನ_ಟೀಚರ್
ಅದೇ ಕೋಕ್ಸಿಯ ಹೆಸರು ಸಿಂಥಿಯಾ ಹೇಳಿದ ಚಿತ್ರದಲ್ಲೂ ಬರುತ್ತದೆ. ಬಿಲ್ಲುಗಾರರ ಚಾಪೆಲ್‌ನಲ್ಲಿದ್ದ ಮೂಲವನ್ನು ಹಂಗೆರಿಯ ಮೇರಿ ರಾಣಿ ತೆಗೆದುಕೊಂಡಾಗ, ಬದಲಿಗೆ ಕೋಕ್ಸಿ ಬರೆದ ಪ್ರತಿಯನ್ನೂ ಒಂದು ಆರ್ಗನ್ ವಾದ್ಯವನ್ನೂ ಕೊಟ್ಟಳು. ಆಮೇಲೆ ಲೂವೆನ್‌ನ ಜನ ಪ್ರಾರ್ಥನೆ ಮಾಡಿದ್ದು ಆ ಪ್ರತಿಯ ಮುಂದೆಯೇ.

ಗೆರೆಗಾರ
ಕೋಕ್ಸಿ ಗೆಂಟ್ ಬಲಿಪೀಠದ ಪ್ರತಿ ಬರೆಯುವಾಗ ಮರಿಯಮ್ಮನ ಮೇಲುಹೊದಿಕೆಗೆ ಬೇಕಾದ ನೀಲಿ ಫ್ಲಾಂಡರ್ಸ್‌ನಲ್ಲಿ ಸಿಗಲೇ ಇಲ್ಲವಂತೆ. ರಾಜ ಫಿಲಿಪ್‌ನ ಮಾತಿನ ಮೇಲೆ ವೆನಿಸ್‌ನಿಂದ ಚಿತ್ರಕಾರ ಟಿಷಿಯನ್ ಕಳಿಸಿಕೊಟ್ಟ. ಆ ನೀಲಿಗೇ 32 ಡುಕಾಟ್ (ಆಗಿನ ಚಿನ್ನದ ನಾಣ್ಯ) ಆಯಿತು ಎಂದು, ಚಿತ್ರಕಾರರ ಜೀವನ ಬರೆದ ವಾನ್ ಮಾಂಡರ್ 1604ರಲ್ಲಿ ಹೇಳಿದ್ದಾನೆ. ಪ್ರತಿಗೆ ಅಷ್ಟು ಕಷ್ಟಪಟ್ಟಿದ್ದಾರೆ.

ಕುಂಚಪ್ರಿಯ
ಗಿರೀಶ್, ವಾನ್ ಡರ್ ವೇಕನ್‌ನನ್ನು ಇಷ್ಟು ಹೊಗಳಬೇಡಿ. ಆತ ಹಳೆಯ, ಹಾಳಾದ ಹಲಗೆಗಳನ್ನು ತೆಗೆದುಕೊಂಡು ಅರ್ಧಕ್ಕರ್ಧ ಹೊಸದಾಗಿ ಬರೆದು ಹಳೆಯದರಂತೆ ಮಾಡುತ್ತಿದ್ದ. ಅಂಥ ಚಿತ್ರಗಳು ದೊಡ್ಡ ಸಂಗ್ರಹಗಳಿಗೆ 15ನೇ ಶತಮಾನದ ಅಸಲಿ ಎಂದೇ ಸೇರಿಕೊಂಡವು. ಅದು ಮೋಸ. ಪ್ರತಿಗೂ ಖೋಟಾಕ್ಕೂ ನಡುವಿನ ಗೆರೆ ಎಷ್ಟು ತೆಳು ಎಂದು ಆತನೇ ಉದಾಹರಣೆ.

ಗೆಂಟ್_ಗಿರೀಶ
ಅದು ನಿಜ, ನಾನು ಅಲ್ಲಗಳೆಯಲ್ಲ. ಆದರೆ ಗೆಂಟ್ ಹಲಗೆಯಲ್ಲಿ ಆತ ಮೋಸ ಮಾಡಲಿಲ್ಲ. ಕುದುರೆ ಮೇಲಿನ ಒಬ್ಬ ನ್ಯಾಯಾಧೀಶನಿಗೆ ಆಗಿನ ರಾಜ 3ನೇ ಲಿಯೊಪೋಲ್ಡ್‌ನ ಮುಖ ಕೊಟ್ಟ. ಇದು ಹೊಸದು ಎಂದು ನೋಡಿದವರಿಗೆ ಗೊತ್ತಾಗಲಿ ಎಂದು.

ಕುಂಚಪ್ರಿಯ
ಹಾಗಾದರೆ ನಮ್ಮಿಬ್ಬರ ಮಾತು ಒಂದೇ ಕಡೆ ಬಂತು. ಪ್ರತಿ ಮಾಡಿದರೆ ಪ್ರತಿ ಎಂದು ಅದರ ಮೇಲೆಯೇ ಬರೆದಿರಬೇಕು.

ಬಂದರು_ಬೀದಿ
ಪ್ಯಾರಿಸ್‌ನ ಲೂವ್ರ್ ಮ್ಯೂಸಿಯಂನಲ್ಲಿ ಅದಕ್ಕೇ ನಿಯಮ ಇದೆ. ಅಲ್ಲಿ ಅನುಮತಿ ತಗೊಂಡು ಚಿತ್ರದ ಎದುರೇ ಕೂತು ಪ್ರತಿ ಬರೆಯಬಹುದು. ಆದರೆ ಮೂಲದ ಅಳತೆಯಲ್ಲೇ ಬರೆಯುವ ಹಾಗಿಲ್ಲ, ಐದನೇ ಒಂದು ಭಾಗ ಚಿಕ್ಕದೋ ದೊಡ್ಡದೋ ಇರಬೇಕು. ಮೂಲ ಚಿತ್ರಕಾರನ ಸಹಿ ಹಾಕುವ ಹಾಗೂ ಇಲ್ಲ.

ಹಾಸನದ_ಹುಡುಗ
ಎಣ್ಣೆ ಬಣ್ಣ ಕಂಡುಹಿಡಿದದ್ದೇ ಈ ವಾನ್ ಐಕ್ ಅಲ್ವಾ? ಶಾಲೆಯಲ್ಲಿ ಓದಿದ ನೆನಪು.

ಗೆರೆಗಾರ
ಅಲ್ಲ. ಅದು 16ನೇ ಶತಮಾನದಲ್ಲಿ ಇಟಲಿಯ ವಸಾರಿ ಎಂಬ ಲೇಖಕ ಬರೆದು ಹಬ್ಬಿದ ಕಥೆ. ಅಫ್ಘಾನಿಸ್ತಾನದ ಬಾಮಿಯಾನ್ ಗುಹೆಗಳ 7ನೇ ಶತಮಾನದ ಗೋಡೆಚಿತ್ರಗಳಲ್ಲೇ ಎಣ್ಣೆ ಸಿಕ್ಕಿದೆ. ವಾನ್ ಐಕ್ ಅದನ್ನು ಪಳಗಿಸಿದ ರೀತಿ ಮಾತ್ರ ಬೇರೆ ಯಾರಿಗೂ ಬರಲಿಲ್ಲ.

ಬಂದರು_ಬೀದಿ
ಬಣ್ಣದ ಮಾತು ಬಂತಲ್ಲ, ಒಂದು ವಿಷಯ ಸೇರಿಸುತ್ತೇನೆ. ಸೀಸ ಮತ್ತು ತವರದಿಂದ ಮಾಡುವ ಒಂದು ಹಳದಿ ಇತ್ತು. ಫ್ಲಾಂಡರ್ಸ್‌ನವರೆಲ್ಲ ಬಳಸಿದ್ದಾರೆ. 1750ರ ಆಚೆಗೆ ಅದು ಮರೆತೇಹೋಯಿತು. 1941ರಲ್ಲಿ ಜರ್ಮನಿಯ ರಿಚರ್ಡ್ ಯಾಕೋಬಿ ಪ್ರಯೋಗಾಲಯದಲ್ಲಿ ಮತ್ತೆ ಗುರುತಿಸಿದ. ಹಾಗಾಗಿ 19ನೇ ಶತಮಾನದಲ್ಲಿ ಮಾಡಿದ ಪ್ರತಿಗಳಲ್ಲಿ ಆ ಹಳದಿ ಇರುವುದಿಲ್ಲ. ಟೈಟಾನಿಯಂ ಬಿಳಿ ಇದ್ದರೆ 20ನೇ ಶತಮಾನದ್ದು. ಕಾಲ ಕಂಡುಹಿಡಿಯಲು ಇವೇ ಸುಳಿವು.

ಗೆರೆಗಾರ
ಹೌದು. ಆದರೆ ಸಿಂಥಿಯಾ ಅವರಿಗೆ ಸೀಸದ ಬಣ್ಣ ಬೇಡ. ವಿಷ. ಮಕ್ಕಳು ಓಡಾಡುವ ಜಾಗ. ಈಗಿನ ಟೈಟಾನಿಯಂ ಬಿಳಿ, ಕೃತಕ ಅಲ್ಟ್ರಾಮರೀನ್ ನೀಲಿ ಸಾಕು. ನಮಗೆ ಯಾರನ್ನೂ ನಂಬಿಸಬೇಕಾಗಿಲ್ಲ.

ಪುಸ್ತಕದ_ಹುಳ
ಮೂಲ ಯಾವುದು, ಪ್ರತಿ ಯಾವುದು ಎಂದು ತಜ್ಞರೇ ಎಡವಿದ್ದಾರೆ. ರೋಗಿಯರ್‌ನ ಇನ್ನೊಂದು ಬಲಿಪೀಠ ಇದೆ, ಮಿರಾಫ್ಲೋರೆಸ್. ಒಂದು ಬರ್ಲಿನ್‌ನಲ್ಲಿ. ಅದೇ ಥರದ್ದು ಇನ್ನೊಂದರ ಎರಡು ಹಲಗೆ ಸ್ಪೇನ್‌ನ ಗ್ರನಾಡಾದಲ್ಲಿ, ಒಂದು ನ್ಯೂಯಾರ್ಕ್‌ನಲ್ಲಿ. ಬಹಳ ಕಾಲ ಗ್ರನಾಡಾದ್ದೇ ಮೂಲ ಎಂದು ನಂಬಿದ್ದರು. ಕೊನೆಗೆ ಓಕ್ ಹಲಗೆಯ ಉಂಗುರಗಳನ್ನು ಎಣಿಸಿದರು. ಗ್ರನಾಡಾ ಹಲಗೆಯ ಮರ ರೋಗಿಯರ್ ಸತ್ತ ಮೇಲೆ ಕಡಿದದ್ದು! ಅದು ಸ್ಪೇನ್‌ನ ಇಸಬೆಲ್ಲಾ ರಾಣಿಗಾಗಿ ಬರೆದ ಪ್ರತಿ.

ಸಂತ ಲೂಕ ಮರಿಯಮ್ಮನ ಚಿತ್ರ ಬರೆಯುವುದನ್ನು ರೋಗಿಯರ್ ಬರೆದಿದ್ದಾನಲ್ಲ, ಅದೂ ನಾಲ್ಕು ಇವೆ. ಬಾಸ್ಟನ್, ಮ್ಯೂನಿಕ್, ಸೇಂಟ್ ಪೀಟರ್ಸ್‌ಬರ್ಗ್, ಬ್ರೂಗೆ. ಬಾಸ್ಟನ್‌ನದ್ದೇ ಮೂಲ ಎಂದು ತಿಳಿದದ್ದು ಬಣ್ಣದ ಕೆಳಗಿನ ಗೆರೆಗಳಿಂದ. ಅಲ್ಲಿ ಚಿತ್ರಕಾರ ಮನಸ್ಸು ಬದಲಾಯಿಸಿ ತಿದ್ದಿದ ಗುರುತುಗಳಿವೆ. ಪ್ರತಿ ಮಾಡುವವನು ಹಾಗೆ ತಿದ್ದಬೇಕಾಗಿಲ್ಲ, ಉತ್ತರ ಎದುರಿಗೇ ಇರುತ್ತದೆ.

ಕುಂಚಪ್ರಿಯ
ನಾನು ಹೇಳಿದ್ದು ಇದನ್ನೇ! ಆ ತಿದ್ದುಪಡಿಯಲ್ಲೇ ಕಲೆ ಇರುವುದು.

ಪುಸ್ತಕದ_ಹುಳ
ಇನ್ನೊಂದು ಮುಖವೂ ಇದೆ. 16ನೇ ಶತಮಾನದ ಫ್ಲೆಮಿಷ್ ಚಿತ್ರಕಾರ ಪೀಟರ್ ಬ್ರೂಗೆಲ್ ಬರೆದ "ಹಸುಳೆಗಳ ಕೊಲೆ" ನೋಡಿ. ಹೆರೋದನ ಸೈನಿಕರು ಬೆತ್ಲೆಹೇಮಿನ ಮಕ್ಕಳನ್ನು ಕೊಲ್ಲುವುದನ್ನು ಆತ ಹಿಮ ಬಿದ್ದ ಫ್ಲೆಮಿಷ್ ಹಳ್ಳಿಯಲ್ಲಿ ನಡೆದಂತೆ ಬರೆದ. ಆಮೇಲೆ ಅದು 2ನೇ ರುಡಾಲ್ಫ್ ಚಕ್ರವರ್ತಿಯ ಕೈಗೆ ಬಂದಾಗ ಸತ್ತ ಮಕ್ಕಳ ಮೇಲೆಲ್ಲ ಬಣ್ಣ ಬಳಿಸಿದರು. ಮಕ್ಕಳಿದ್ದ ಕಡೆ ಬಾತುಕೋಳಿ, ಗಂಟುಮೂಟೆ, ಗಡಿಗೆ ಬಂದವು. ಈಗ ಬ್ರಿಟಿಷ್ ರಾಜಮನೆತನದ ಸಂಗ್ರಹದಲ್ಲಿರುವ ಮೂಲದಲ್ಲಿ ಒಬ್ಬ ತಾಯಿ ಮಡಿಲಲ್ಲಿ ಒಂದು ಗಂಟು ಇಟ್ಟುಕೊಂಡು ಅಳುತ್ತಾಳೆ. ಯಾಕೆ ಎಂದು ಮೂಲ ನೋಡಿದರೆ ಅರ್ಥ ಆಗುವುದಿಲ್ಲ. ಮಗ ಕಿರಿಯ ಬ್ರೂಗೆಲ್ ಮಾಡಿದ ಪ್ರತಿ ನೋಡಿದರೆ ಮಾತ್ರ ಅಲ್ಲಿ ಮಗು ಕಾಣುತ್ತದೆ. ಸತ್ಯ ಉಳಿದದ್ದು ಪ್ರತಿಯಲ್ಲಿ.

ಮಂಜುಳ_ಕೆ
ಇದನ್ನು ಓದಿ ಮೈ ಜುಂ ಎಂದಿತು.

ಹಾಸನದ_ಹುಡುಗ
ಅಪ್ಪನ ಚಿತ್ರವನ್ನು ಮಗ ಪಕ್ಕದಲ್ಲಿ ಕೂತು ನೋಡಿ ಕಲಿತನಾ?

ಪುಸ್ತಕದ_ಹುಳ
ಇಲ್ಲಪ್ಪ. ಅಪ್ಪ 1569ರಲ್ಲಿ ಸತ್ತಾಗ ಮಗ ಐದು ವರ್ಷದ ಆಸುಪಾಸು. ಅಪ್ಪನ ಕೈ ನೋಡಿದ ನೆನಪೂ ಇರಲಿಕ್ಕಿಲ್ಲ. ಮುಂದೆ ಅಪ್ಪನ ಚಿತ್ರಗಳನ್ನೇ ಮತ್ತೆ ಮತ್ತೆ ಬರೆದ. ಗೆರೆಯುದ್ದಕ್ಕೂ ತೂತು ಚುಚ್ಚಿದ ಕಾಗದವನ್ನು ಹಲಗೆಗೆ ಒತ್ತಿ ಇದ್ದಿಲ ಪುಡಿ ತಟ್ಟುತ್ತಿದ್ದರು. ನಾವು ರಂಗೋಲಿ ಅಚ್ಚಿನಲ್ಲಿ ಪುಡಿ ಬೀಳಿಸುವ ಹಾಗೆ. "ಬೆತ್ಲೆಹೇಮಿನ ಜನಗಣತಿ"ಯದ್ದೂ ಅಂಥ ಪ್ರತಿಗಳು ಹಲವು ಇವೆ. ಅದರ ಮೂಲ, 1566ರದ್ದು, ಬ್ರಸೆಲ್ಸ್‌ನಲ್ಲಿದೆ.

ಸಿಂಥಿಯಾ_ಲೂವೆನ್
ಐದು ವರ್ಷದ ಮಗು ಎಂದು ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ. ಅಪ್ಪ ಹೋದ ಮೇಲೆ ಅಪ್ಪನ ಗೆರೆಯ ಮೇಲೆ ಕೈ ಆಡಿಸುವುದು ಎಂದರೆ ಏನು ಎಂದು ಈಗ ನನಗೆ ಗೊತ್ತು. ಅಪ್ಪನ ಲೆಕ್ಕದ ಪುಸ್ತಕ ನನ್ನ ಹತ್ತಿರವೇ ಇದೆ.

ಚಿತ್ತಾರ
ವಿಷಯಾಂತರ ಆದರೂ ಹೇಳುತ್ತೇನೆ. ಫ್ಲೆಮಿಷ್ ದೇವರ ಚಿತ್ರ ನಮ್ಮ ದೇಶಕ್ಕೆ ಹೊಸದಲ್ಲ. ಆಂಟ್‌ವರ್ಪ್‌ನ ಪ್ಲಾಂಟಿನ್ ಮುದ್ರಣಾಲಯದಲ್ಲಿ ಅಚ್ಚಾದ ಬಹುಭಾಷಾ ಬೈಬಲ್‌ನ ಸಂಪುಟಗಳನ್ನು ಜೆಸುಯಿಟ್ ಪಾದ್ರಿಗಳು 1580ರಲ್ಲಿ ಫತೇಪುರ್ ಸಿಕ್ರಿಯಲ್ಲಿ ಅಕ್ಬರನಿಗೆ ಕೊಟ್ಟರು. ಅಕ್ಬರನ ಚಿತ್ರಕಾರರು ಇಂಥ ಅಚ್ಚಿನ ಚಿತ್ರಗಳನ್ನು ನೋಡಿ ಬಣ್ಣದಲ್ಲಿ ಪ್ರತಿ ಬರೆದರು. ಕೇಸು ದಾಸ್ ಸಂತ ಮತ್ತಾಯನನ್ನು ಬರೆದ. ನಾದಿರಾ ಬಾನು ಎಂಬ ಚಿತ್ರಕಾರ್ತಿಯೂ ಫ್ಲೆಮಿಷ್ ಅಚ್ಚುಗಳ ಪ್ರತಿ ಮಾಡಿ ತನ್ನ ಹೆಸರು ಬರೆದಿದ್ದಾಳೆ. ಕುಂಚಪ್ರಿಯ ಅವರೇ, ಅವರು ಸುಮ್ನೆ ಇಳಿಸಲಿಲ್ಲ. ಅಚ್ಚು ಕಪ್ಪುಬಿಳುಪು, ಬಣ್ಣವೆಲ್ಲ ಇವರದೇ.

ಕುಂಚಪ್ರಿಯ
ಇದಕ್ಕೆ ನನ್ನ ಬಳಿ ಎದುರುಮಾತಿಲ್ಲ. ಅಂಥ ಪ್ರತಿ ನನಗೂ ಇಷ್ಟ.

ತೇಗದಮರ
ನಾನು ಚಿತ್ರಕಾರ ಅಲ್ಲ. ನಮ್ಮದು ಮರದ ಕೆಲಸದ ಮನೆ, ಉಡುಪಿ ಕಡೆ. ಮಳೆಯ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಹೇಳಿಲ್ಲ.

ಓಕ್ ಹಲಗೆ ತಂದು ಕುಂದಾಪುರದಲ್ಲಿ ಇಟ್ಟರೆ ಆಷಾಢದಲ್ಲಿ ಉಬ್ಬುತ್ತದೆ, ಮಾರ್ಚ್‌ನಲ್ಲಿ ಕುಗ್ಗುತ್ತದೆ. ಅಗಲದ ಹಲಗೆ ಬಾಗುತ್ತದೆ, ಬಣ್ಣ ಸೀಳುತ್ತದೆ. ಹಲಗೆಯೇ ಬೇಕು ಅಂದರೆ ಒಳ್ಳೆಯ ಮರೀನ್ ಪ್ಲೈವುಡ್ ತಗೊಳ್ಳಿ. ಎರಡೂ ಮುಖಕ್ಕೆ, ನಾಲ್ಕು ಅಂಚಿಗೂ ಒಂದೇ ಥರ ಲೇಪ ಹಾಕಿಸಿ. ಒಂದೇ ಕಡೆ ಹಾಕಿದರೆ ಹಲಗೆ ಬಾಗುತ್ತದೆ. ಸುತ್ತಿನ ಚೌಕಟ್ಟು ಬೇಕಾದರೆ ತೇಗ ಅಥವಾ ಹಲಸು.

ಮಳೆ ಹೊಡೆಯುವ ಗೋಡೆಗೆ ಮಾತ್ರ ನೇತುಹಾಕಬೇಡಿ. ಪಡುವಣ ಗೋಡೆ ಒಳಗಿನಿಂದಲೇ ಬೆವರುತ್ತದೆ. ಗೋಡೆಗೂ ಚಿತ್ರಕ್ಕೂ ನಡುವೆ ಒಂದು ಇಂಚು ಗಾಳಿಯಾಡಲಿ, ಹಿಂದೆ ನಾಲ್ಕು ಮರದ ಗುಬ್ಬಿ ಹೊಡೆದರೆ ಸಾಕು. ಮೊಂಬತ್ತಿ ಸ್ಟ್ಯಾಂಡ್ ದೂರ ಇಡಿಸಿ. ಬಣ್ಣಕ್ಕೆ ಒತ್ತಿಕೊಂಡ ಹಾಗೆ ಗಾಜು ಹಾಕಬೇಡಿ, ಒಳಗೆ ಬೂಸ್ಟು ಹಿಡಿಯುತ್ತದೆ.

ಗೆರೆಗಾರ
ಬಹಳ ಉಪಯೋಗದ ಮಾತು ಅಣ್ಣ. ಪ್ಲೈವುಡ್ ಮೇಲೆ ತೆಳು ಬಟ್ಟೆ ಅಂಟಿಸಿ ಅದರ ಮೇಲೆ ಬಿಳಿ ನೆಲ ಹಾಕಿದರೆ ನುಣುಪೂ ಬರುತ್ತದೆ, ಬಿರುಕೂ ಕಡಿಮೆ. ವಾರ್ನಿಶ್ ಅವಸರ ಬೇಡ. ಎಣ್ಣೆ ಬಣ್ಣ ಆರು ತಿಂಗಳಾದರೂ ಒಣಗಬೇಕು.

ಬಂದರು_ಬೀದಿ
ಹೊರದೇಶದಲ್ಲಿ ಬರೆಸಿ ತರಿಸುವುದಾದರೆ ಕಸ್ಟಮ್ಸ್ ನೋಡಿಕೊಳ್ಳಿ. ಪೂರ್ತಿ ಕೈಯಲ್ಲಿ ಬರೆದ ಚಿತ್ರಕ್ಕೆ ಸುಂಕದ ಪಟ್ಟಿಯಲ್ಲಿ 9701 ಎಂಬ ಬೇರೆ ಶೀರ್ಷಿಕೆ ಇದೆ, ಪ್ರಿಂಟ್ ಅದರಲ್ಲಿ ಬರಲ್ಲ. ಬಿಲ್ಲಿನಲ್ಲಿ "ಕೈಯಲ್ಲಿ ಬರೆದ ಪ್ರತಿ, ಹೊಸದು" ಎಂದು ಸ್ಪಷ್ಟವಾಗಿ ಇರಲಿ. ಹಳೆಯ ಚಿತ್ರ ಎಂಬ ಅನುಮಾನ ಬಂದರೆ ಪೆಟ್ಟಿಗೆ ಅಲ್ಲೇ ಕೂರುತ್ತದೆ. ಚೀನಾದ ಶೆನ್‌ಜೆನ್‌ನಲ್ಲಿ ದಾಫೆನ್ ಎಂಬ ಹಳ್ಳಿಯೇ ಇದೆ, 1989ರಲ್ಲಿ ಅಲ್ಲಿ ಪ್ರತಿ ಬರೆಯುವ ಕಸುಬು ಶುರುವಾಗಿ ದೊಡ್ಡದಾಗಿ ಬೆಳೆಯಿತು. ಅಲ್ಲಿಯೂ ಒಳ್ಳೆಯ ಕೈಗಳಿವೆ. ಆದರೆ ಬರೆಯುವವರ ಜೊತೆ ನೇರ ಮಾತಾಡಲು ಸಿಗಬೇಕು.

ಫಿಲೋಮಿನ_ಟೀಚರ್
ದೂರದಿಂದ ಯಾಕೆ ತರಿಸುವುದು? ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್ ನೋಡಿ. ಇಟಲಿಯ ಬ್ರದರ್ ಅಂತೋನಿಯೊ ಮೊಸ್ಕೆನಿ ಇಲ್ಲಿಗೇ ಬಂದು 1899ರಿಂದ 1901ರವರೆಗೆ ಗೋಡೆ, ಛಾವಣಿ ಎಲ್ಲ ಬರೆದರು. ಅದು ಫ್ಲೆಮಿಷ್ ಅಲ್ಲ, ಇಟಲಿ ರೀತಿ. ಆದರೆ ನಮ್ಮ ಮಳೆ, ನಮ್ಮ ಬೆಳಕು ನೋಡಿಕೊಂಡು ಬರೆದರು. ಬರೆಯುವವರು ಗೋಡೆಯನ್ನು ಒಮ್ಮೆ ಕಣ್ಣಾರೆ ನೋಡಬೇಕು.

ಗೆಂಟ್_ಗಿರೀಶ
ಬರೆಯುವವರಿಗೆ ಒಂದು ಸಹಾಯ. ಪ್ರಾಡೊ ವೆಬ್‌ಸೈಟಿನಲ್ಲಿ ಶಿಲುಬೆಯಿಂದ ಇಳಿಸುವ ಚಿತ್ರ ದೊಡ್ಡದಾಗಿ ನೋಡಲು ಸಿಗುತ್ತದೆ. ಗೆಂಟ್ ಬಲಿಪೀಠಕ್ಕೆ "ಕ್ಲೋಸರ್ ಟು ವಾನ್ ಐಕ್" ಎಂಬ ತಾಣ ಇದೆ. ರೆಪ್ಪೆಯ ಕೂದಲು ಕೂಡ ಎಣಿಸಬಹುದು.

ಸಿಂಥಿಯಾ_ಲೂವೆನ್
ಎಲ್ಲರಿಗೂ ಎಷ್ಟು ಧನ್ಯವಾದ ಹೇಳಿದರೂ ಸಾಲದು. ನಿನ್ನೆ ಅಮ್ಮ, ತಮ್ಮನ ಜೊತೆ ಎರಡು ಗಂಟೆ ವಿಡಿಯೋ ಕಾಲ್ ಆಯಿತು. ಈ ಚರ್ಚೆಯನ್ನು ಅಮ್ಮನಿಗೆ ಓದಿ ಹೇಳಿದೆ. ಮಂಜುಳ ಅವರ ಅತ್ತೆಯ ಕಥೆ ಬಂದಾಗ "ಕಣ್ಣೀರು ಇಲ್ಲದಿದ್ದರೆ ನನಗೂ ಬೇಡ" ಅಂದರು. ಗೆಂಟ್‌ನ ಹಲಗೆಯ ಕಥೆಗೆ ತಮ್ಮ ಸುಮ್ಮನಾದ. ಆಮೇಲೆ ಚೌಕಟ್ಟಿನ ಖರ್ಚು ತನ್ನದು ಅಂದ.

ಗೆರೆಗಾರ ಸರ್ ಒಪ್ಪಿದ್ದಾರೆ. ಮೊದಲು ಮರಿಯಮ್ಮನ ಮುಖ ಮಾತ್ರ, ಆರು ಇಂಚಿನಲ್ಲಿ. ಹಿಡಿಸಿದರೆ ಇಡೀ ಚಿತ್ರ, ಅಗಲ ನಾಲ್ಕು ಅಡಿ. ದೀಪಾವಳಿ ಆದಮೇಲೆ ಚಾಪೆಲ್ ನೋಡಲು ಬರುತ್ತಾರೆ. ಮೂಲದ ಮೇಲಿನ ಎರಡು ಮೂಲೆಯಲ್ಲಿ ಪುಟ್ಟ ಅಡ್ಡಬಿಲ್ಲುಗಳಿವೆ, ಬಿಲ್ಲುಗಾರರ ಸಂಘದ ಗುರುತು. ಅವನ್ನು ಬಿಟ್ಟು, ಅಲ್ಲಿ ಎರಡು ಪುಟ್ಟ ದೋಣಿ ಬರೆಯಿರಿ ಎಂದು ಕೇಳಿದ್ದೇನೆ. ಅಪ್ಪ ಮೀನುಗಾರಿಕೆ ಸಹಕಾರಿ ಸಂಘದಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವರು.

ಕುಂಚಪ್ರಿಯ
ದೋಣಿ! ಈಗ ಇದು ನಿಮ್ಮ ಚಿತ್ರ ಆಯಿತು ನೋಡಿ. ನನ್ನ ಕಡೆಯಿಂದ ಬಣ್ಣದ ಖರ್ಚಿಗೆ ಸ್ವಲ್ಪ ಸೇರಿಸಬಹುದಾ? ಮೆಸೇಜ್ ಮಾಡಿ.

ಓಲೆಗರಿ
ಹಿಂಬದಿಯಲ್ಲಿ ಬರೆಸುವುದನ್ನು ಮರೆಯಬೇಡಿ. ಮೂಲ ಯಾರದು, ಪ್ರತಿ ಯಾರದು, ಯಾವ ವರ್ಷ, ಯಾರ ನೆನಪಿಗೆ. ನಮ್ಮ ಪ್ರತಿಕಾರರು ಕೊನೆಯ ಗರಿಯಲ್ಲಿ ಬರೆಯುತ್ತಿದ್ದ ಹಾಗೆ. ಕನ್ನಡದಲ್ಲೇ ಇರಲಿ.

ಗೆರೆಗಾರ
ಅದಕ್ಕೆ ಜಾಗ ಬಿಟ್ಟೇ ಲೇಪ ಹಾಕುತ್ತೇನೆ. ಅಪ್ಪನ ಹೆಸರು ಹೇಗೆ ಬರೆಯಬೇಕು ಎಂದು ಅಮ್ಮನ ಕೈಯಲ್ಲೇ ಒಂದು ಕಾಗದದ ಮೇಲೆ ಬರೆಸಿ ಕಳಿಸಿ. ಅದೇ ಅಕ್ಷರವನ್ನು ಇಳಿಸುತ್ತೇನೆ.

ತೇಗದಮರ
ಚೌಕಟ್ಟಿಗೆ ಮನೆಯಲ್ಲಿ ಒಣಗಿದ ಹಲಸಿನ ಹಲಗೆ ಇದೆ, ಹತ್ತು ವರ್ಷದ್ದು. ತಮ್ಮನಿಗೆ ಫೋನ್ ಮಾಡಲು ಹೇಳಿ. ಅಳತೆ ಚಿತ್ರ ಮುಗಿದ ಮೇಲೆ ತಗೊಳ್ಳೋಣ.

ಮಂಜುಳ_ಕೆ
ಮುಖ ಬರೆದು ಆದ ತಕ್ಷಣ ಫೋಟೋ ಹಾಕಿ. ಅತ್ತೆಗೆ ತೋರಿಸಬೇಕು.